ಎದುರು ಪಕ್ಷದವನ ಸಾಕ್ಷಿ

ಮತಗಟ್ಟೆಯೊಳಗೆ ಏಜೆಂಟನಾಗಿ ಕೂರುವುದು ಅಂಥ ಘನಂದಾರಿ ಕೆಲಸವೇನಲ್ಲ. ಬೆಳಗ್ಗೆ ಐದಕ್ಕೆಲ್ಲ ಶಾಲೆಯ ಬಾಗಿಲಲ್ಲಿ ನಿಂತಿರಬೇಕು. ಮತಯಂತ್ರ ಪರೀಕ್ಷೆ ಮಾಡುವಾಗ ಕಣ್ಣು ಬಿಟ್ಟು ನೋಡಬೇಕು, ಕೊಟ್ಟ ಕಡೆ ಸಹಿ ಹಾಕಬೇಕು. ಆಮೇಲೆ ಸಂಜೆಯವರೆಗೆ ಮಕ್ಕಳ ಬೆಂಚಿನ ಮೇಲೆ ಮೊಣಕಾಲು ಮಡಚಿ ಕೂತು, ವೋಟು ಹಾಕಲು ಬಂದವರ ಹೆಸರಿಗೆ ಪಟ್ಟಿಯಲ್ಲಿ ಗೆರೆ ಎಳೆಯುತ್ತಿರಬೇಕು. ಇಪ್ಪತ್ತೈದು ವರ್ಷ ನಾನು ಈ ಕೆಲಸ ಮಾಡಿದ್ದೇನೆ. ಪಕ್ಷದವರು ಇದಕ್ಕಿಂತ ದೊಡ್ಡ ಕೆಲಸವನ್ನು ನನಗೆ ಯಾವತ್ತೂ ಕೊಡಲಿಲ್ಲ. ನನ್ನ ಬಾಯಿಯ ಪರಿಚಯ ಅವರಿಗೂ ಇತ್ತು ಅಂತ ಕಾಣುತ್ತದೆ. ಆ ಬೆಂಚಿನ ಇನ್ನೊಂದು ತುದಿಯಲ್ಲಿ ಅಷ್ಟೂ ವರ್ಷ ಎದುರು ಪಕ್ಷದ ಏಜೆಂಟನಾಗಿ ಕೂತವನು ನನ್ನ ಗೆಳೆಯ. ನಾನು ಈಗ ನೆನೆಯುತ್ತಿರುವುದು ಅವನನ್ನೇ. ಅವನು ಸತ್ತಿಲ್ಲ, ಊರೂ ಬಿಟ್ಟಿಲ್ಲ. ನನ್ನ ಅಂಗಡಿಯ ಎದುರಿಗೇ ಇದ್ದಾನೆ.

ತೀರ್ಥಹಳ್ಳಿಯಿಂದ ಹೊಸನಗರಕ್ಕೆ ಹೋಗುವ ದಾರಿಯಲ್ಲಿ ಬಸ್ಸು ಎರಡು ನಿಮಿಷ ನಿಂತು ಹೋಗುವಂಥ ಸಣ್ಣ ಪೇಟೆ ನಮ್ಮದು. ರಸ್ತೆಯ ಈಚೆ ನನ್ನ ಟೈಲರ್ ಅಂಗಡಿ, ಆಚೆ ಅವನ ಹಿಟ್ಟಿನ ಗಿರಣಿ. ಅವನ ಅಜ್ಜನ ಗದ್ದೆಯನ್ನು ನನ್ನಜ್ಜ ಗೇಣಿಗೆ ಮಾಡುತ್ತಿದ್ದ. ಉಳುವವನಿಗೇ ಭೂಮಿ ಎನ್ನುವ ಕಾನೂನು ಬಂದಾಗ ಆ ಗದ್ದೆ ನಮ್ಮ ಹೆಸರಿಗಾಯಿತು. ಹಾಗಾಗಿ ನಾವಿಬ್ಬರೂ ಇನ್ನೂ ಸ್ಲೇಟು ಹಿಡಿದು ಶಾಲೆಗೆ ಹೋಗುವಾಗಲೇ ನಮ್ಮ ನಮ್ಮ ಪಕ್ಷ ನಿಶ್ಚಯವಾಗಿ ಹೋಗಿತ್ತು. ಅವನಪ್ಪ ಸಾಯುವವರೆಗೂ ನಮ್ಮಪ್ಪನ ಹತ್ತಿರ ಮಾತಾಡಲಿಲ್ಲ. ಅವನಮ್ಮ ಮಾತ್ರ ಬೇರೆ ಥರದ ಹೆಂಗಸು. ಶಾಲೆ ಬಿಟ್ಟಮೇಲೆ ಅವನ ಹಿಂದೆ ಅಂಗಳದವರೆಗೆ ಹೋಗಿ ಒಳಗೆ ಬರಲು ಹೆದರಿ ನಿಂತ ನನ್ನನ್ನು ನೋಡಿ, "ಬಾ ಮಗಾ, ಗದ್ದೆ ತಗೊಂಡೋನು ನೀನಾ? ಕೈ ತೊಳ್ಕಂಡು ಕೂತ್ಕೊ" ಅಂದಿದ್ದರು. ಅವತ್ತು ತಟ್ಟೆಯಲ್ಲಿ ಕೊಟ್ಟದ್ದು ಕೊಟ್ಟೆ ಕಡುಬು. ಆಮೇಲೆ ಆ ಮನೆಯಲ್ಲಿ ನಾನು ಎಷ್ಟು ಉಂಡಿದ್ದೇನೋ ಲೆಕ್ಕವಿಲ್ಲ.

ನಾವಿಬ್ಬರೂ ದಿನಾ ಜಗಳವಾಡುತ್ತಿದ್ದೆವು. ಜಗಳಕ್ಕೆ ಒಂದು ಪದ್ಧತಿಯೂ ಇತ್ತು. ಶಿವಮೊಗ್ಗದ ಬಸ್ಸಿನಲ್ಲಿ ಬರುವ ಪೇಪರನ್ನು ಇಬ್ಬರೂ ಸೇರಿ ಒಂದೇ ತರಿಸುತ್ತಿದ್ದೆವು. ಹತ್ತು ಗಂಟೆಯವರೆಗೆ ಅದು ಗಿರಣಿಯಲ್ಲಿ ಇರಬೇಕು, ಆಮೇಲೆ ನನ್ನ ಅಂಗಡಿಗೆ ಬರಬೇಕು. ಅವನು ತನಗೆ ಖುಷಿಯಾದ ಕಡೆಯೆಲ್ಲ ಪೆನ್ಸಿಲಿನಲ್ಲಿ ಗೀಟು ಹಾಕಿ ಕಳಿಸುತ್ತಿದ್ದ. ನಾನು ಬಟ್ಟೆಗೆ ಗುರುತು ಹಾಕುವ ಸೀಮೆಸುಣ್ಣದಲ್ಲಿ ಅದರ ಪಕ್ಕ "ಸುಳ್ಳು" ಅಂತಲೋ "ಇದನ್ನ ಹೋದ ವರ್ಷ ನೀನೇ ಬೈದಿದ್ದೆ" ಅಂತಲೋ ಬರೆಯುತ್ತಿದ್ದೆ. ಮಧ್ಯಾಹ್ನ ಅದೇ ಪೇಪರು ಹಿಡಿದುಕೊಂಡು ಗಿರಣಿಗೆ ಹೋದರೆ ಬಾಯಿ ಜಗಳ. ಗಿರಣಿ ಓಡುವಾಗ ಕಿರುಚದೆ ಏನೂ ಕೇಳುವುದಿಲ್ಲ. ಇಬ್ಬರೂ ಗಂಟಲು ಹರಿಯುವಂತೆ ಕೂಗಾಡುತ್ತಿರುವಾಗ ಕರೆಂಟು ಹೋಗಿ ಗಿರಣಿ ನಿಂತುಬಿಡುತ್ತಿತ್ತು. ಆಗ ನನ್ನ ಕೊನೆಯ ಮಾತೊಂದು ಇಡೀ ಪೇಟೆಗೆ ಕೇಳಿ, ರಾಗಿ ಬೀಸಿಸಲು ನಿಂತ ಹೆಂಗಸರು ನಗುತ್ತಿದ್ದರು. ಅವನು ಮೈಮೇಲಿನ ಹಿಟ್ಟು ಕೊಡವಿಕೊಂಡು, "ಎಂತ ಮಾರಾಯ, ನಿನ್ನ ಪಕ್ಷದ ಮಾನ ನೀನೇ ಕಳೀತಿದೀಯಲ್ಲ, ನಂಗೆ ಕೆಲ್ಸನೇ ಇಲ್ಲ" ಅನ್ನುತ್ತಿದ್ದ. ಒಂದು ವಿಷಯ ಮಾತ್ರ ನಾವು ಎತ್ತುತ್ತಿರಲಿಲ್ಲ. ದೇಶದಲ್ಲಿರುವ ಎಲ್ಲ ಜಮೀನಿನ ಬಗ್ಗೆ ವಾದ ಮಾಡಿದ್ದೇವೆ, ಆ ಒಂದು ಗದ್ದೆಯ ಬಗ್ಗೆ ಮಾಡಿದವರಲ್ಲ.

ಮತಗಟ್ಟೆಯಲ್ಲೂ ನಮ್ಮದೊಂದು ಪದ್ಧತಿ ಇತ್ತು. ಅಧಿಕಾರಿಗಳು ಪ್ರತಿ ಸಲವೂ ಹೊರಗಿನ ಊರಿನವರು, ಅವರಿಗೆ ಇಲ್ಲಿಯ ಯಾರ ಮುಖವೂ ಗೊತ್ತಿರುವುದಿಲ್ಲ. ನಮ್ಮೂರ ಪಟ್ಟಿಯೋ, ದೇವರಿಗೇ ಪ್ರೀತಿ. ಒಬ್ಬರ ವಯಸ್ಸು ತಪ್ಪು, ಇನ್ನೊಬ್ಬರ ಹೆಸರು ಅರ್ಧ, ಮತ್ತೊಬ್ಬರ ಜಾಗದಲ್ಲಿ ಅವರ ಅತ್ತಿಗೆಯ ಫೋಟೊ. ಅಂಥವರು ಬಂದಾಗ ಅಧಿಕಾರಿ ಏಜೆಂಟರ ಕಡೆ ನೋಡುತ್ತಾರೆ. ಅವನ ಪಕ್ಷದವರು ಬಂದರೆ ನಾನು "ಗೊತ್ತಿರೋರು ಸಾರ್" ಅನ್ನಬೇಕು, ನನ್ನ ಕಡೆಯವರು ಬಂದರೆ ಅವನು ಅನ್ನಬೇಕು. ತನ್ನ ಕಡೆಯವರಿಗೆ ತಾನೇ ಸಾಕ್ಷಿ ಹೇಳಿದರೆ ಯಾವ ಅಧಿಕಾರಿ ನಂಬುತ್ತಾನೆ? ಎದುರು ಪಕ್ಷದವನೇ ಹೌದು ಅಂದಮೇಲೆ ಅದಕ್ಕೆ ಮೇಲಿಲ್ಲ. ಒಂದು ಸಲ ನಮ್ಮಪ್ಪನ ಹೆಸರಿನ ಎದುರು ಯಾವುದೋ ಹೆಂಗಸಿನ ಫೋಟೊ ಬಂದಿತ್ತು. ಒಂದೊಂದು ವೋಟಿಗೂ ಜನ ಸಾಯುತ್ತಿದ್ದ ಚುನಾವಣೆ ಅದು. ಅವನು ಎದ್ದು ನಿಂತು, "ಇವ್ರನ್ನ ನಾ ಹುಟ್ಟಿದಾಗಿಂದ ನೋಡಿದೀನಿ ಸಾರ್, ಬಿಡಿ. ನಮ್ಗಂತೂ ಹಾಕಲ್ಲ ಇವ್ರು" ಅಂದ. ಅಧಿಕಾರಿಯೂ ನಕ್ಕರು.

ಮತದಾನದ ದಿನದ ಊಟ ಅವನ ಮನೆಯಿಂದ ಬರುತ್ತಿತ್ತು, ಶಾಲೆಗೆ ಅವರ ಮನೆಯೇ ಹತ್ತಿರ. ಒಂದೇ ಕ್ಯಾರಿಯರ್, ಎರಡು ಬಾಳೆಲೆ. ಬೇರೆ ಊರಿನ ಮತಗಟ್ಟೆಗಳಲ್ಲಿ ಹೊಡೆದಾಟ ಆಯಿತು, ಪೊಲೀಸರು ಬಂದರು ಎಂಬ ಸುದ್ದಿಯನ್ನು ಮಾತಾಡಿಕೊಳ್ಳುತ್ತಾ ನಾವು ಶಾಲೆಯ ಹಿಂದಿನ ಜಗಲಿಯಲ್ಲಿ ಕೂತು ಉಣ್ಣುತ್ತಿದ್ದೆವು.

ಆಮೇಲೆ ಫೋನು ಬಂತು. ಎಲ್ಲದಕ್ಕೂ ಫೋನನ್ನು ಬೈಯುವ ಮುದುಕರ ಸಾಲಿಗೆ ಸೇರಲು ನನಗೆ ಇಷ್ಟವಿಲ್ಲ. ಬೆರಳು ನನ್ನದೇ ಆಗಿತ್ತು. ಆದರೆ ನಡೆದದ್ದನ್ನು ಹೇಳಬೇಕು. ನಮ್ಮೂರಿನವರೆಲ್ಲ ಇರುವ ಒಂದು ವಾಟ್ಸಪ್ ಗುಂಪು ಹುಟ್ಟಿತು. ಗಿರಣಿಯ ಸದ್ದಿನಲ್ಲಿ ಆಡಿದ ಮಾತು ಹಿಟ್ಟಿನ ಜೊತೆಗೇ ಹಾರಿಹೋಗುತ್ತಿತ್ತು. ಗುಂಪಿನಲ್ಲಿ ಹಾಕಿದ್ದು ಅಲ್ಲೇ ಕೂತಿರುತ್ತಿತ್ತು, ಇನ್ನೂರು ಜನ ನೋಡುತ್ತಿದ್ದರು. ಪೇಪರು ಅವನ ಗಿರಣಿಯಲ್ಲೇ ಉಳಿಯತೊಡಗಿತು, ನಾನೂ ಕೇಳಲಿಲ್ಲ. ಅದರಲ್ಲಿರುವುದೆಲ್ಲ ಹಿಂದಿನ ದಿನವೇ ಫೋನಿನಲ್ಲಿ ಓದಿ ಆಗಿರುತ್ತಿತ್ತು. ಯಾರು ಬರೆದದ್ದೋ ಗೊತ್ತಿಲ್ಲದ ಸಾಲುಗಳು ಅವನ ಬಾಯಲ್ಲೂ ನನ್ನ ಬಾಯಲ್ಲೂ ಬರತೊಡಗಿದವು. ವಿಧಾನಸಭೆ ಚುನಾವಣೆಗೆ ಇನ್ನೇನು ಹದಿನೈದು ದಿನ ಇದೆ ಅನ್ನುವಾಗ ಅವನು ಗುಂಪಿಗೆ ಒಂದು ಬರಹ ಕಳಿಸಿದ. ಪುಕ್ಕಟೆ ಜಮೀನು ತಿಂದವರಿಗೆ ದೇಶದ ಚಿಂತೆ ಎಲ್ಲಿ ಬರಬೇಕು ಎಂದು ಅದರಲ್ಲಿತ್ತು. ಎಲ್ಲಿಂದಲೋ ಬಂದದ್ದನ್ನು ಪೂರ್ತಿ ಓದದೆ ಮುಂದಕ್ಕೆ ತಳ್ಳಿದ್ದ ಅಂತ ಈಗ ನನಗೆ ಅನ್ನಿಸುತ್ತದೆ. ಆಗ ಅನ್ನಿಸಲಿಲ್ಲ. ನನ್ನಜ್ಜ ಮೊಣಕಾಲುದ್ದ ಕೆಸರಿನಲ್ಲಿ ನಿಂತದ್ದು ಪುಕ್ಕಟೆಯೇ ಎಂದು ಮೈಯೆಲ್ಲ ಉರಿದುಹೋಯಿತು. ರಸ್ತೆ ದಾಟಿದರೆ ಗಿರಣಿ. ಹತ್ತು ಹೆಜ್ಜೆ ಇಟ್ಟು ಹೋಗಿ, "ಇದೆಂತದಾ?" ಅಂತ ಕೇಳಬಹುದಿತ್ತು. ನಾನು ಕೂತಲ್ಲೇ ಕೂತು, ಬೇರೆಯವರ ಬೆವರು ಉಂಡು ಹೊಟ್ಟೆ ಬೆಳೆಸಿದ ಮನೆತನಗಳು ಎಂದು ಶುರುಮಾಡಿ ಉದ್ದಕ್ಕೆ ಬರೆದೆ. ಎಷ್ಟೋ ಜನ ಹೆಬ್ಬೆರಳು ಎತ್ತಿದರು. ಅವನು ಉತ್ತರ ಕೊಡಲಿಲ್ಲ, ಗಿರಣಿಯಲ್ಲಿ ನನ್ನ ಕಡೆ ಬೆನ್ನು ಹಾಕಿ ಕೂರತೊಡಗಿದ.

ಅದೇ ವಾರ ಹೊಸನಗರದಲ್ಲಿ ನಮ್ಮ ಪಕ್ಷದ ಏಜೆಂಟರಿಗೆ ತರಬೇತಿ ನಡೆಯಿತು. ಇಸ್ತ್ರಿ ಅಂಗಿಯ ಒಬ್ಬ ಯುವಕ ಪರದೆಯ ಮೇಲೆ ಚಿತ್ರ ತೋರಿಸಿ ಪಾಠ ಮಾಡಿದ. ಅನುಮಾನ ಬಂದ ಮತದಾರರಿಗೆಲ್ಲ ಆಕ್ಷೇಪಣೆ ಹಾಕಿ, ಎರಡು ರೂಪಾಯಿ ಕಟ್ಟಿದರಾಯಿತು, ಎದುರಿನವರ ಒಂದು ವೋಟು ನಿಂತರೆ ನಮಗೊಂದು ಬಂದ ಹಾಗೆ ಅಂದ. ಹಿಂದಿನ ಸಲಗಳಲ್ಲಾದರೆ ನಾನು ಊರಿಗೆ ಬಂದು ಇದನ್ನು ಗೆಳೆಯನಿಗೆ ಹೇಳಿ ಇಬ್ಬರೂ ನಗುತ್ತಿದ್ದೆವು. ಈ ಸಲ ನಾನು ಬರೆದುಕೊಂಡೆ.

ಮತದಾನದ ದಿನ ಬೆಂಚಿನ ಎರಡು ತುದಿಯಲ್ಲಿ ನಾವು ಇಬ್ಬರು ಮೂಕರ ಹಾಗೆ ಕೂತಿದ್ದೆವು. ಹನ್ನೊಂದು ಗಂಟೆಯ ಹೊತ್ತಿಗೆ ಅವನಮ್ಮ ಕೋಲೂರಿಕೊಂಡು ಬಂದರು. ಎಂಬತ್ತು ದಾಟಿತ್ತು. ಹಳೆಯ ಗುರುತಿನ ಚೀಟಿ ಮನೆಯಲ್ಲೆಲ್ಲೋ ಕಳೆದುಹೋಗಿ ಆಧಾರ್ ಕಾರ್ಡು ಹಿಡಿದುಕೊಂಡಿದ್ದರು. ಅವರಿಗೆ ಎರಡು ಹೆಸರು. ಹುಟ್ಟಿದ ಮನೆಯದೊಂದು, ಮದುವೆಯ ದಿನ ಗಂಡನ ಮನೆಯವರು ಅಕ್ಕಿಯಲ್ಲಿ ಬರೆಸಿ ಇಟ್ಟದ್ದೊಂದು. ಪಟ್ಟಿಯಲ್ಲಿ ಇದ್ದದ್ದು ಗಂಡನ ಮನೆಯ ಹೆಸರು, ಅದರ ಕೆಳಗೆ ಗಂಡನ ಹೆಸರು. ಆಧಾರಿನಲ್ಲಿ, ತವರಿನ ಜಮೀನಿನ ಪತ್ರಕ್ಕೆ ಹೊಂದಲಿ ಎಂದು, ಹುಟ್ಟಿದ ಹೆಸರೂ ಅಪ್ಪನ ಹೆಸರೂ ಇದ್ದವು. ನಮ್ಮ ಕಡೆ ಅವರ ವಯಸ್ಸಿನ ಎಷ್ಟೋ ಹೆಂಗಸರಿಗೆ ಹೀಗಿದೆ, ಊರಿನ ನಾಯಿಗೂ ಗೊತ್ತಿರುವ ವಿಷಯ. ಆದರೆ ಮತಗಟ್ಟೆಯ ಅಧಿಕಾರಿ ಸಾಗರದ ಕಡೆಯ ಕಾಲೇಜು ಮೇಷ್ಟ್ರು. ಅವರು ಕಾರ್ಡನ್ನೂ ಪಟ್ಟಿಯನ್ನೂ ನೋಡಿ, ಕನ್ನಡಕ ಸರಿಮಾಡಿಕೊಂಡು, ಪದ್ಧತಿಯಂತೆ ಬೆಂಚಿನ ಕಡೆ ತಿರುಗಿದರು.

"ನಮ್ಮಮ್ಮ ಸಾರ್" ಅಂದ ಗೆಳೆಯ.

"ನೀವು ಹೇಳಿದ್ರೆ ಹೇಗ್ರೀ? ಅವರು ಹೇಳಲಿ" ಎಂದು ಅಧಿಕಾರಿ ನನ್ನನ್ನು ತೋರಿಸಿದರು.

ನಾನು ಜೇಬಿನಿಂದ ಎರಡು ರೂಪಾಯಿ ತೆಗೆದು ಮೇಜಿನ ಮೇಲಿಟ್ಟೆ. "ಹೆಸರು ತಾಳೆ ಆಗ್ತಿಲ್ಲ ಸಾರ್. ನನ್ನ ಆಕ್ಷೇಪಣೆ ಇದೆ."

"ಇವರು ನಿಮಗೆ ಗೊತ್ತಿಲ್ವಾ?"

"ಗೊತ್ತಿಲ್ಲ" ಅಂದೆ.

ನಾನು ಹೇಳಿದ್ದು ಇಷ್ಟೇ. ಎದುರಿಗೆ ನಿಂತ ಹೆಂಗಸು ಯಾರೆಂದು ಗೊತ್ತಿಲ್ಲ ಅಂದೆ. ಗೆಳೆಯ ಎದ್ದ, ಮತ್ತೆ ಕೂತ. ಅಧಿಕಾರಿ ನಿಯಮದಂತೆ ವಿಚಾರಣೆಗೆ ತೊಡಗಿದರು. ಸುಳ್ಳು ಹೇಳಿದರೆ ಶಿಕ್ಷೆಯಿದೆ ಎಂದು ಅವನಮ್ಮನಿಗೆ ತಿಳಿಸಿದರು, ಆಮೇಲೆ ಕೇಳಿದರು: "ನಿಮ್ಮ ಯಜಮಾನರ ಹೆಸರೇನಮ್ಮ?"

ಆ ಕಾಲದ ಹೆಂಗಸರು ಗಂಡನ ಹೆಸರು ಹೇಳುವುದಿಲ್ಲ. ಬ್ಯಾಂಕಿನಲ್ಲಾಗಲಿ ಆಸ್ಪತ್ರೆಯಲ್ಲಾಗಲಿ ಪಕ್ಕದಲ್ಲಿದ್ದವರು ಹೇಳುತ್ತಾರೆ, ಅವರು ತಲೆಯಾಡಿಸುತ್ತಾರೆ. ಗಂಡ ಸತ್ತಮೇಲೆ ಅವರ ಪಿಂಚಣಿಯ ಅರ್ಜಿಗೆ ತಾಲ್ಲೂಕು ಆಫೀಸಿಗೆ ಕರೆದುಕೊಂಡು ಹೋದವನು ನಾನೇ. ಗುಮಾಸ್ತ ಕೇಳಿದಾಗ ಆ ಹೆಸರನ್ನು ಹೇಳಿದವನೂ ನಾನೇ. ಮಗ ಸಾಕ್ಷಿ ಹೇಳುವಂತಿಲ್ಲ ಎಂಬುದು ಈಗ ಅವರಿಗೆ ಅರ್ಥವಾಗಿತ್ತು. ಅವರು ನನ್ನ ಕಡೆ ತಿರುಗಿ, ಏನೂ ಆಗಿಲ್ಲವೆಂಬಂತೆ, "ನೀನೇ ಹೇಳಾ ಮಗಾ" ಅಂದರು.

ನಾನು ಪಟ್ಟಿಯ ಮೇಲೆ ಕಣ್ಣಿಟ್ಟುಕೊಂಡು ಕೂತೆ. ಬಾಯಿ ತೆರೆದಿದ್ದರೆ ನನ್ನ ಸುಳ್ಳು ಅಲ್ಲೇ ಬಯಲಾಗುತ್ತಿತ್ತು, ಅದಕ್ಕೆ ಹೆದರಿದೆ. ಸಾಲಿನಲ್ಲಿ ನಿಂತವರೆಲ್ಲ ನೋಡುತ್ತಿದ್ದರು. ಕೊನೆಗೆ ಅವರು ಸೆರಗಿನಿಂದ ಬಾಯಿ ಒರೆಸಿಕೊಂಡು, ಗೋಡೆಯ ಕಡೆ ಮುಖ ಮಾಡಿ, ಅರವತ್ತು ವರ್ಷದಲ್ಲಿ ಒಮ್ಮೆಯೂ ಆಡದಿದ್ದ ಆ ಹೆಸರನ್ನು ಹೇಳಿದರು. ಮೆಲ್ಲಗೆ ಹೇಳಿದ್ದರಿಂದ ಅಧಿಕಾರಿಗೆ ಕೇಳಿಸಲಿಲ್ಲ. "ಜೋರಾಗಿ ಹೇಳಿಯಮ್ಮ" ಅಂದರು. ಎರಡನೇ ಸಲವೂ ಹೇಳಬೇಕಾಯಿತು.

ಆಕ್ಷೇಪಣೆ ಬಿದ್ದುಹೋಯಿತು, ಅವರು ವೋಟು ಹಾಕಿ ಹೋದರು. ಮಧ್ಯಾಹ್ನ ಕ್ಯಾರಿಯರ್ ಬಂತು. ಗೆಳೆಯ ಎಂದಿನಂತೆ ಎರಡು ಎಲೆ ಹಾಸಿದ, ಅನ್ನ ಹುಳಿ ಪಲ್ಯ ಬಡಿಸಿ ಒಂದೆಲೆಯನ್ನು ನನ್ನ ಕಡೆ ಸರಿಸಿದ. ತನ್ನ ಎಲೆಯನ್ನು ಹಾಗೇ ಬಿಟ್ಟು ಎದ್ದು ಹೊರಗೆ ಹೋದ. ನಾನು ಊಟ ಮಾಡಲಿಲ್ಲ ಎಂದು ಇಲ್ಲಿ ಬರೆಯಬಹುದಿತ್ತು, ಓದುವವರಿಗೆ ಚೆನ್ನಾಗಿರುತ್ತಿತ್ತು. ಆದರೆ ನಾನು ಉಂಡೆ. ಬೆಳಗ್ಗೆ ನಾಲ್ಕಕ್ಕೆ ಎದ್ದವನಿಗೆ ಹಸಿವಾಗಿತ್ತು. ಉಂಡ ಮನೆಗೆ ಎರಡು ಬಗೆಯಬಾರದು ಅನ್ನುತ್ತಾರೆ. ನಾನು ಮೊದಲು ಎರಡು ಬಗೆದು ಆಮೇಲೆ ಉಂಡವನು.

ಆ ಸಲ ಗೆದ್ದವರು ಯಾರು ಎಂದು ಹೇಳುವುದಕ್ಕೆ ನನಗೆ ಆಸಕ್ತಿಯಿಲ್ಲ. ಗೆದ್ದವನು ನಮ್ಮ ಪೇಟೆಗೆ ಎರಡೋ ಮೂರೋ ಸಲ ಬಂದು ಹೋಗಿರಬೇಕು. ಗೆಳೆಯ ನನ್ನ ಹತ್ತಿರ ಜಗಳವಾಡಲಿಲ್ಲ. ಗುಂಪಿನಲ್ಲಿ ನನ್ನ ಮಾನ ಹರಾಜು ಹಾಕಬಹುದಿತ್ತು, ಹಾಕಲಿಲ್ಲ. ಅವನು ಮಾತು ಬಿಟ್ಟ, ಅಷ್ಟೇ. ನಾನೂ ಬೇರೆ ಪೇಪರು ಹಾಕಿಸಿಕೊಂಡೆ. ಗೀಟಿಲ್ಲದ ಪೇಪರು ಓದಲು ನನಗೆ ಬರುವುದಿಲ್ಲ ಎಂಬುದು ಆಗ ಗೊತ್ತಾಯಿತು. ಯಾವ ಸುದ್ದಿಗೆ ಸಿಟ್ಟಾಗಬೇಕು ಎಂದು ತೋರಿಸುವವನೇ ಇಲ್ಲದೆ, ಇಡೀ ಪೇಪರು ಮದುವೆ ಛತ್ರದ ಜಾಹೀರಾತಿನಂತೆ ಕಾಣುತ್ತಿತ್ತು. ನನ್ನ ಪಕ್ಷದವರು ಅಂಗಡಿಗೆ ಬಂದು ಕೂರುತ್ತಾರೆ, ನಾನು ಹೇಳಿದ್ದಕ್ಕೆಲ್ಲ ಹೌದು ಹೌದು ಅನ್ನುತ್ತಾರೆ. ಅರ್ಧ ಗಂಟೆಯಲ್ಲಿ ನನಗೆ ಆಕಳಿಕೆ ಬರುತ್ತದೆ. ನನ್ನ ಮಾತಿನಲ್ಲಿ ಎಲ್ಲಿ ಪೊಳ್ಳಿದೆ ಎಂದು ನೇರ ಬೆರಳಿಡಬಲ್ಲವನು ಈ ಪೇಟೆಯಲ್ಲಿ ಒಬ್ಬನೇ ಇದ್ದ. ಈಗಲೂ ಏನಾದರೂ ದೊಡ್ಡ ಸುದ್ದಿ ಬಂದರೆ ಮೊದಲು ಅವನ ಗಿರಣಿಯ ಕಡೆ ಕತ್ತೆತ್ತುತ್ತೇನೆ. ಅವನಿಗೆ ಏನನ್ನಿಸಿತೋ ತಿಳಿಯಬೇಕು ಅನ್ನಿಸುತ್ತದೆ. ಹೆಂಡತಿ ಹತ್ತಿರ ಒಮ್ಮೆ ಇದನ್ನು ಹೇಳಿಕೊಂಡೆ. "ಜಗಳಕ್ಕೂ ಹಪಹಪಿಸ್ತಾರಾ ಯಾರಾದ್ರೂ?" ಅಂದಳು. ಹಪಹಪಿಸುತ್ತಾರೆ, ನನಗೆ ಗೊತ್ತು.

ಒಂದು ತಿಂಗಳು ಕಳೆದಮೇಲೆ, ಅವನು ತೀರ್ಥಹಳ್ಳಿಗೆ ಹೋದ ದಿನ ನೋಡಿಕೊಂಡು, ನಾನು ಅವರ ಮನೆಗೆ ಹೋದೆ. ಅವನಮ್ಮ ಜಗಲಿಯಲ್ಲಿ ಕೂತು ಹಲಸಿನ ಹಪ್ಪಳ ಒಣಗಿದೆಯಾ ಎಂದು ನೋಡುತ್ತಿದ್ದರು. ಸೊಸೆಗೆ ಹೇಳಿ ಮಜ್ಜಿಗೆ ಕೊಡಿಸಿದರು. ದಾರಿಯುದ್ದಕ್ಕೂ ಕಟ್ಟಿಕೊಂಡು ಹೋದ ಮಾತೆಲ್ಲ ಲೋಟದ ಎದುರು ಮರೆತುಹೋಯಿತು. "ಅಮ್ಮಾ, ಅವತ್ತು..." ಎಂದಷ್ಟೇ ಅಂದೆ.

"ಬಿಡು ಮಗಾ" ಅಂದರು. "ನಾ ಹೆಸರು ಕೂಗಿದೆ ಅಂತ ಅವ್ರೇನು ಎದ್ದು ಬರ್ಲಿಲ್ಲ." ಅವರೇ ನಕ್ಕರು. ಹಪ್ಪಳವೊಂದನ್ನು ಮಗುಚಿ ಹಾಕುತ್ತಾ ಹೇಳಿದರು, "ನಂಗೇನೂ ಇಲ್ಲ. ಅವನಿಗೆ ಮಾತ್ರ ನಾ ಹೇಳಕ್ಕಾಗಲ್ಲ ನೋಡು. ಅವ್ನು ಯಾರ ಎದುರಿಗೂ ಗೊತ್ತಿಲ್ಲ ಅಂದೋನಲ್ಲ."

ಅವರು ಕ್ಷಮಿಸಿದ್ದು ನನಗೆ ನೆಮ್ಮದಿ ಕೊಡಲಿಲ್ಲ. ಬೈದಿದ್ದರೆ ಮಗನ ಹತ್ತಿರ ಹೋಗಿ ಕಾಲು ಹಿಡಿಯುವ ಧೈರ್ಯವಾದರೂ ಬರುತ್ತಿತ್ತೇನೋ. ಅಲ್ಲಿಂದ ಬಂದು ನೇರ ಗಿರಣಿಗೆ ಹೋಗಬೇಕು ಎಂದುಕೊಂಡೆ. ನಾಳೆ ಹೋದರಾಯಿತು, ಹಬ್ಬ ಕಳೆಯಲಿ, ಅವನೇ ಒಮ್ಮೆ ಈ ಕಡೆ ನೋಡಲಿ ಎಂದು ದಿನ ತಳ್ಳಿದೆ. ತಪ್ಪು ಮಾಡುವಾಗ ಇದ್ದ ಚುರುಕು ಒಪ್ಪಿಕೊಳ್ಳುವಾಗ ನನಗೆ ಇರಲಿಲ್ಲ. ಎರಡು ವರ್ಷ ಹೀಗೇ ಹೋಯಿತು. ಅವನಮ್ಮ ನಾಲ್ಕು ದಿನ ಮಲಗಿ ತೀರಿಕೊಂಡರು. ನಮ್ಮಲ್ಲಿ ಸಾವಿನ ಮನೆಯಲ್ಲಿ ಯಾರೂ ಯಾರಿಗೂ ಕೆಲಸ ಹೇಳುವುದಿಲ್ಲ, ಬಂದವರೇ ಹಚ್ಚಿಕೊಳ್ಳುತ್ತಾರೆ. ನಾನು ಕಟ್ಟಿಗೆ ಹೊತ್ತೆ. ಅವನು ನೋಡಿದ, ಬೇಡ ಅನ್ನಲಿಲ್ಲ. ನಾನು ಹೊತ್ತದ್ದು ಹತ್ತರಲ್ಲಿ ಹನ್ನೊಂದನೆಯವನ ಕೆಲಸ. ಅದರಿಂದ ಏನೂ ಬದಲಾಗಲಿಲ್ಲ.

ಕಳೆದ ತಿಂಗಳು ಮತದಾರರ ಪಟ್ಟಿ ಪರಿಷ್ಕರಣೆ ನಡೆಯಿತು. ಸತ್ತವರ, ಊರು ಬಿಟ್ಟವರ ಹೆಸರು ತೆಗೆಯುವ ಮೊದಲು ಎರಡೂ ಪಕ್ಷದವರನ್ನು ಕೂರಿಸಿಕೊಂಡು ಓದಿ ಹೇಳುತ್ತಾರೆ. ಈ ಕೆಲಸಕ್ಕೆ ಬಂದವರು ಹೊಸದಾಗಿ ವರ್ಗವಾಗಿ ಬಂದ ಅಂಗನವಾಡಿ ಟೀಚರ್, ಅರಳಸುರಳಿಯ ಕಡೆಯವರು. ಅದೇ ಶಾಲೆ, ಅದೇ ಕೋಣೆ. ಅವನು ಬಂದಿದ್ದಾನೆ ಎಂದು ಬಾಗಿಲಿಗೆ ಬಂದಮೇಲೆ ಗೊತ್ತಾಯಿತು. ವಾಪಸು ಹೋಗಲು ಮನಸ್ಸಾಯಿತು, ಹೋಗಲಿಲ್ಲ. ಟೀಚರ್ ಒಂದೊಂದೇ ಹೆಸರು ಓದಿದರು. ಇವರು ಶಿವಮೊಗ್ಗಕ್ಕೆ ಹೋದರು, ಇವರು ಮದುವೆಯಾಗಿ ಹೋದರು ಎಂದು ನಾವಿಬ್ಬರೂ ಅವರಿಗೆ ಹೇಳುತ್ತಿದ್ದೆವು, ಒಬ್ಬರಿಗೊಬ್ಬರು ಹೇಳುತ್ತಿರಲಿಲ್ಲ. ಹಾಗೇ ಓದುತ್ತಾ ಅವರು ಅವನಮ್ಮನ ಹೆಸರು ಓದಿದರು. ಗಂಡನ ಮನೆಯ ಹೆಸರು.

"ಇವರು ಇದ್ದಾರಾ?"

ಅವನು ಬಾಯಿ ತೆರೆದ. ಕೈಯಲ್ಲಿದ್ದ ಪೆನ್ಸಿಲನ್ನು ಮೇಜಿನ ಮೇಲಿಟ್ಟು, ಕಿಟಕಿಯ ಕಡೆ ನೋಡತೊಡಗಿದ. ಟೀಚರಿಗೆ ಇದೊಂದೂ ಗೊತ್ತಿಲ್ಲ. ಅವರು ನನ್ನ ಕಡೆ ತಿರುಗಿದರು. "ನಿಮಗೆ ಗೊತ್ತಾ ಸಾರ್ ಇವರು?"

"ಗೊತ್ತು" ಅಂದೆ. ಅಲ್ಲಿಗೆ ನಿಲ್ಲಿಸಬಹುದಿತ್ತು, ನಿಲ್ಲಿಸಲಾಗಲಿಲ್ಲ. ಇದು ಅವರ ಗಂಡನ ಮನೆಯ ಹೆಸರು, ಹುಟ್ಟಿದ ಮನೆಯಲ್ಲಿ ಇನ್ನೊಂದು ಹೆಸರಿತ್ತು ಎಂದು ಅದನ್ನೂ ಹೇಳಿದೆ. ಗಂಡನ ಹೆಸರು ಹೇಳಿದೆ. ಈ ಶಾಲೆಯ ಹಿಂದಿನ ಮನೆಯವರು, ನನಗೆ ಆರು ವರ್ಷವಿದ್ದಾಗಿಂದ ಅನ್ನ ಹಾಕಿದವರು, ಇವನ ತಾಯಿ ಎಂದು ಅವನನ್ನು ತೋರಿಸಿದೆ.

"ಅಷ್ಟೆಲ್ಲ ಬೇಡ ಸಾರ್" ಅಂದರು ಟೀಚರ್, ಪಾಪ, ಮುಜುಗರದಿಂದ. "ತೀರಿಕೊಂಡಿದ್ದಾರಾ ಅಂತ ಹೇಳಿದ್ರೆ ಸಾಕು."

"ತೀರಿಕೊಂಡಿದ್ದಾರೆ" ಅಂದೆ. ಅವರು ಸ್ಕೇಲು ಇಟ್ಟು ಹೆಸರಿನ ಮೇಲೆ ಗೆರೆ ಎಳೆದರು.

ಪಟ್ಟಿ ಮುಗಿಯುವಾಗ ಮಧ್ಯಾಹ್ನವಾಗಿತ್ತು. ಹೊರಗೆ ಚಪ್ಪಲಿ ಮೆಟ್ಟುವಾಗ ಅವನು ನನ್ನ ಕಡೆ ನೋಡದೆ, "ಇದ್ರಲ್ಲಿ ಒಂದೇ ಒಂದು ಮಾತು ಅವತ್ತು ಹೇಳಿದ್ರೆ ಸಾಕಿತ್ತು" ಅಂದ. ಚುನಾವಣೆಯ ಆ ದಿನದಿಂದೀಚೆಗೆ ಅವನು ನನಗೆ ಆಡಿದ ಮೊದಲ ಮಾತು.

"ಹೌದು" ಅಂದೆ. "ತಪ್ಪು ನಂದೇ."

ಅವನೇನಾದರೂ ಅನ್ನುತ್ತಾನೆ ಎಂದು ಅಲ್ಲೇ ನಿಂತೆ. ಬೈಯಲಿ, ಹಳೆಯದೆಲ್ಲ ಎತ್ತಿ ಆಡಲಿ, ಆ ಗದ್ದೆಯ ಮಾತೇ ಬೇಕಾದರೂ ತೆಗೆಯಲಿ ಎಂದು ಆಸೆಯಾಯಿತು. ಅವನು ವಾದಕ್ಕೆ ನಿಲ್ಲಲಿಲ್ಲ. ಜೇಬಿನಿಂದ ಕೀ ತೆಗೆದುಕೊಂಡು ಗಿರಣಿಯ ಬಾಗಿಲು ತೆರೆಯಲು ಹೋದ.